ಅರ್ಧಕ್ಕೆ ನಿಲ್ಲಿಸಿದ ಶಸ್ತ್ರಚಿಕಿತ್ಸೆಗೆ ನಾನು ಋಣಿ

ಕೊನೆಯ ಶಸ್ತ್ರಚಿಕಿತ್ಸೆಯ ಗಾಯ ಮಾಗಿ, ಇನ್ನು ಆಸ್ಪತ್ರೆಗೆ ಬರಬೇಕಾಗಿಲ್ಲವೆಂದು ವೈದ್ಯರು ತಿಳಿಸಿರುವ ಈ ಸಂದರ್ಭದಲ್ಲಿ, ರಣರಂಗದ ಅಂಚಿನ ಡೇರೆಯೊಂದರಲ್ಲಿ ನನ್ನ ಜೀವ ಉಳಿಸಿದ ಸಂಚಾರಿ ಶಸ್ತ್ರಚಿಕಿತ್ಸಾ ತಂಡಕ್ಕೆ ಬಹಿರಂಗವಾಗಿ ಕೃತಜ್ಞತೆ ಸಲ್ಲಿಸುತ್ತಿದ್ದೇನೆ. ಅವರಲ್ಲಿ ಯಾರ ಮುಖವೂ ನನಗೆ ನೆನಪಿಲ್ಲ. ನನಗೆ ತಿಳಿದಿರುವುದೆಲ್ಲ ಚಿಕಿತ್ಸೆಯ ಕಡತದಿಂದ ಮತ್ತು ನಂತರ ನೋಡಿಕೊಂಡ ವೈದ್ಯರಿಂದ.

ಶೆಲ್ಲಿನ ಚೂರುಗಳು ತೊಡೆಗೂ ಹೊಟ್ಟೆಗೂ ಬಡಿದ ಕೂಡಲೇ ತೊಡೆಗೆ ಟೂರ್ನಿಕೆಟ್ (ರಕ್ತ ಹರಿಯದಂತೆ ತಡೆಯುವ ಬಿಗಿಪಟ್ಟಿ) ಬಿಗಿದು, ಬಿಗಿದ ಹೊತ್ತನ್ನು ಅದರ ಪಟ್ಟಿಯ ಮೇಲೆ ಬರೆದ ಜೊತೆಗಾರನಿಗೆ ಮೊದಲ ವಂದನೆ.

ತಂಡ ಮಾಡಿದ ಬಹುದೊಡ್ಡ ಉಪಕಾರವೆಂದರೆ ಶಸ್ತ್ರಚಿಕಿತ್ಸೆಯನ್ನು ಅರ್ಧಕ್ಕೆ ನಿಲ್ಲಿಸಿದ್ದು. ವಿಪರೀತ ರಕ್ತ ಹೋದವರ ಮೈ ತಣ್ಣಗಾಗುತ್ತದೆ, ರಕ್ತದ ಆಮ್ಲೀಯತೆ ಏರುತ್ತದೆ, ಹೆಪ್ಪುಗಟ್ಟುವ ಶಕ್ತಿ ಕುಗ್ಗುತ್ತದೆ; ಈ ಮೂರೂ ಒಂದನ್ನೊಂದು ಉಲ್ಬಣಗೊಳಿಸುವುದರಿಂದ, ಎಲ್ಲವನ್ನೂ ಒಂದೇ ಸಲಕ್ಕೆ ಸರಿಪಡಿಸಲು ಹೊರಟರೆ ಗಾಯಾಳು ಮೇಜಿನ ಮೇಲೆಯೇ ಪ್ರಾಣ ಬಿಡಬಹುದು. ಆದ್ದರಿಂದ ಅವರು ರಕ್ತಸ್ರಾವ ತಡೆದು, ಹರಿದುಹೋದ ಕರುಳಿನ ಭಾಗವನ್ನು ತೆಗೆದು ತುದಿಗಳನ್ನಷ್ಟೇ ಮುಚ್ಚಿ, ಯಕೃತ್ತಿನ ಸುತ್ತ ಗಾಜ್ ಬಟ್ಟೆ ಒತ್ತಿಟ್ಟು, ಹೊಟ್ಟೆಯನ್ನು ಹೊಲಿಯದೆ ತಾತ್ಕಾಲಿಕ ಹೊದಿಕೆ ಹಾಕಿ, ಮೈಯನ್ನು ಬೆಚ್ಚಗೆ ಸುತ್ತಿ ಹೆಲಿಕಾಪ್ಟರಿಗೆ ಏರಿಸಿದರು. ಒಳಗೆ ಎಷ್ಟು ಗಾಜ್ ಉಳಿದಿದೆಯೆಂದು ಡ್ರೆಸ್ಸಿಂಗಿನ ಮೇಲೆಯೇ ಮಾರ್ಕರಿನಿಂದ ದಪ್ಪಗೆ ಬರೆದಿದ್ದರು, ಮುಂದಿನ ಶಸ್ತ್ರವೈದ್ಯರು ಒಂದನ್ನೂ ಮರೆಯಬಾರದೆಂದು. ಕರುಳನ್ನು ಜೋಡಿಸುವಂಥ ಉಳಿದ ಕೆಲಸವನ್ನು ಸಾಮಾನ್ಯವಾಗಿ 24ರಿಂದ 48 ಗಂಟೆಗಳ ನಂತರ, ದೇಹ ಚೇತರಿಸಿಕೊಂಡ ಮೇಲೆ, ಹಿಂಬದಿಯ ದೊಡ್ಡ ಆಸ್ಪತ್ರೆಯಲ್ಲಿ ಮಾಡುತ್ತಾರೆ. ನನಗೂ ಹಾಗೆಯೇ ಆಯಿತು. ಪೂರ್ತಿ ಮಾಡಬಲ್ಲ ಕೈಗಳು ಇಷ್ಟಕ್ಕೇ ಸಾಕೆಂದು ತಡೆದು ನಿಲ್ಲುವುದಕ್ಕೆ ಎಂಥ ವಿವೇಕ ಬೇಕೆಂಬುದನ್ನು ಯೋಚಿಸಿದಾಗಲೆಲ್ಲ ನನ್ನ ಮನಸ್ಸು ತುಂಬಿ ಬರುತ್ತದೆ.

ತಂದಿದ್ದ ರಕ್ತ ಮುಗಿದಾಗ, ಮೊದಲೇ ರಕ್ತದ ಗುಂಪು ಪರೀಕ್ಷಿಸಿಟ್ಟಿದ್ದ ಸೈನಿಕರು ಸಾಲಾಗಿ ಬಂದು ಅಲ್ಲೇ ರಕ್ತ ಕೊಟ್ಟರು. ಆಗತಾನೇ ತೆಗೆದ ಆ ಪೂರ್ಣ ರಕ್ತದಲ್ಲಿ ಹೆಪ್ಪುಗಟ್ಟಿಸುವ ಅಂಶಗಳೆಲ್ಲ ಇದ್ದವು. ಅವರೆಲ್ಲರಿಗೂ ನಾನು ಚಿರಋಣಿ.

ಇನ್ನೊಂದು ಸಂಗತಿಯನ್ನೂ ಹೇಳಲೇಬೇಕು. ಆ ದಿನ ಪಕ್ಕದ ಮೇಜಿನಲ್ಲಿದ್ದವರು ಎದುರು ಪಕ್ಷದ ಗಾಯಾಳು. ಅವರ ಸ್ಥಿತಿ ನನಗಿಂತ ಗಂಭೀರವಾಗಿದ್ದರಿಂದ ಅವರನ್ನೇ ಮೊದಲು ಒಳಗೆ ಕರೆದೊಯ್ದರು. 1792ರಲ್ಲಿ ಕುದುರೆಗಾಡಿಗಳ ‘ಹಾರುವ ಆಂಬುಲೆನ್ಸ್’ ಕಟ್ಟಿದ ಫ್ರೆಂಚ್ ಶಸ್ತ್ರವೈದ್ಯ ಲಾರೆ ಅವರು ಪಾಲಿಸಿದ, 1949ರ ಜಿನೀವಾ ಒಪ್ಪಂದವು ವಿಧಿಸಿದ ನಿಯಮವಿದು: ಸರದಿಯನ್ನು ಗಾಯದ ತುರ್ತು ನಿರ್ಧರಿಸಬೇಕು, ಸಮವಸ್ತ್ರವಲ್ಲ. ಆ ಗಾಯಾಳುವೂ ಬದುಕಿದರೆಂದು ಕಡತ ನೋಡಿದ ವೈದ್ಯರು ಹೇಳಿದರು. ಅದಕ್ಕಾಗಿಯೂ ಆ ತಂಡಕ್ಕೆ ನನ್ನ ಹೃತ್ಪೂರ್ವಕ ವಂದನೆಗಳು.