ರಿಂಗ್ ಹಾಕಿಸಿಕೊಳ್ಳೋ ಮುಂಚೆ ಇದನ್ನು ಓದು

ಲೋ ಗೆಳೆಯಾ,

ನೀನು ಕಳಿಸಿದ ಎಕ್ಸ್‌ರೇ ನೋಡಿದೆ. ಮೊಣಕಾಲಿನ ಕೆಳಗಿನ ಮೂಳೆ ಪುಡಿಯಾಗಿ, ಅದರ ಚೂರು ಚರ್ಮ ಹರಿದುಕೊಂಡು ಹೊರಗೆ ಬಂದಿದೆ ಅಂದ್ರೆ ಅದು ಸಣ್ಣ ಪೆಟ್ಟಲ್ಲ. ಡಾಕ್ಟರು ಕಾಲಿನ ಸುತ್ತ ಹೊರಗಿನಿಂದ ರಿಂಗ್ ಹಾಕಬೇಕು ಅಂದ ತಕ್ಷಣ ನೀನು ಬೆವರಿದ್ದೂ ಸರಿಯೇ. ಆರು ವರ್ಷದ ಹಿಂದೆ ನನ್ನ ಕಾಲು ನೋಡಿ ಅಮ್ಮ "ಇದೇನೋ, ಸೈಕಲ್ ಚಕ್ರ ಕಟ್ಟಿದ್ದಾರೆ" ಅಂತ ಅತ್ತಿದ್ದಳು. ಅವಳು ಹೇಳಿದ್ದು ಪೂರ್ತಿ ಸುಳ್ಳೂ ಅಲ್ಲ. ಸೈಕಲ್ ಕಡ್ಡಿ ಥರಾನೇ ಸಣ್ಣ ತಂತಿಗಳನ್ನು ಮೂಳೆಯೊಳಗಿಂದ ದಾಟಿಸಿ, ಬಿಗಿಯಾಗಿ ಎಳೆದು ರಿಂಗಿಗೆ ಕಟ್ಟುತ್ತಾರೆ. ಆ ಬಿಗಿಯೇ ಕಾಲನ್ನು ಹಿಡಿದಿಡುವುದು.

ಇದನ್ನು ಕಂಡುಹಿಡಿದವನು ಸೈಬೀರಿಯಾದ ಕುರ್ಗಾನ್ ಊರಿನ ಡಾಕ್ಟರು ಗವ್ರೀಲ್ ಇಲಿಜರೋವ್. ನಮ್ಮ ಆಸ್ಪತ್ರೆಗಳಲ್ಲಿ 'ಇಲಿಜರೋವ್ ಹಾಕಿದ್ದಾರೆ' ಅಂತಾರಲ್ಲ, ಅದು ಅವನ ಹೆಸರೇ. 1964ರ ಟೋಕಿಯೊ ಒಲಿಂಪಿಕ್ಸ್‌ನಲ್ಲಿ ಹೈಜಂಪ್ ಚಿನ್ನ ಗೆದ್ದ ವಲೇರಿ ಬ್ರೂಮೆಲ್ ಮರುವರ್ಷ ಬೈಕ್ ಅಪಘಾತದಲ್ಲಿ ಕಾಲು ಮುರಿದುಕೊಂಡ. ಆಪರೇಷನ್ ಮೇಲೆ ಆಪರೇಷನ್ ಆದರೂ ಮೂಳೆ ಕೂಡಲಿಲ್ಲ, ಕಾಲು ಗಿಡ್ಡ ಬೇರೆ ಆಯ್ತು. ಕೊನೆಗೆ ಕುರ್ಗಾನ್‌ಗೆ ಹೋದ. ಆಮೇಲೆ ಅದೇ ಕಾಲಲ್ಲಿ ಓಡಿ 2 ಮೀಟರ್‌ಗಿಂತ ಎತ್ತರ ಹಾರಿದ ಮಾರಾಯ! ಮಲಗಿದಲ್ಲೇ ಇದನ್ನು ನಾನು ಎಷ್ಟು ಸಲ ಓದಿದ್ದೆನೋ.

ನನಗೆ 4 ಸೆಂಟಿಮೀಟರ್ ಮೂಳೆಯೇ ಇರಲಿಲ್ಲ. ಅದೇ ಮೂಳೆಯನ್ನು ಇನ್ನೊಂದು ಕಡೆ ಕತ್ತರಿಸಿ, ಆ ತುಂಡನ್ನು ಖಾಲಿ ಜಾಗದ ಕಡೆಗೆ ದಿನಕ್ಕೆ 1 ಮಿಲಿಮೀಟರ್‌ನಂತೆ ಜರುಗಿಸಬೇಕು, ಹಿಂದೆ ಬಿಟ್ಟುಹೋದ ಜಾಗದಲ್ಲಿ ಹೊಸ ಮೂಳೆ ಹುಟ್ಟುತ್ತದೆ. ಒಂದೇ ಸಲ ಅಲ್ಲ, ಕಾಲು ಕಾಲು ಮಿಲಿಮೀಟರ್, ನಾಲ್ಕು ಹೊತ್ತು. ಸ್ಪ್ಯಾನರ್ ಹಿಡಿದು ರಿಂಗಿನ ನಟ್ಟುಗಳನ್ನು ಅಪ್ಪನೇ ತಿರುಗಿಸುತ್ತಿದ್ದರು, ಕ್ಯಾಲೆಂಡರಿನಲ್ಲಿ ಗೆರೆ ಹಾಕುತ್ತಿದ್ದರು. ಜರುಗೋದು ನಲವತ್ತು ದಿನದಲ್ಲಿ ಮುಗಿಯಿತು, ಗಟ್ಟಿಯಾಗೋದಕ್ಕೆ ತಿಂಗಳುಗಟ್ಟಲೆ. ಒಟ್ಟು ಒಂಬತ್ತು ತಿಂಗಳು ರಿಂಗ್ ಕಾಲಲ್ಲೇ ಇತ್ತು.

ನೋವು? ಇರುತ್ತೆ. ರಾತ್ರಿ ಜಾಸ್ತಿ. ಆದರೆ ನನ್ನನ್ನು ಕೆಡಿಸಿದ್ದು ನೋವಲ್ಲ, ಸೋಮಾರಿತನ. ಪಾದ ಮೇಲೆ ಕೆಳಗೆ ಆಡಿಸು ಅಂತ ಫಿಸಿಯೋ ದಿನಾ ಹೇಳುತ್ತಿದ್ದರು, ನಾನು ಸುಮ್ನೆ ಹೂಂ ಅಂದು ಮೊಬೈಲ್ ನೋಡುತ್ತಿದ್ದೆ. ಮೂಳೆ ಚೆನ್ನಾಗೇ ಕೂಡಿತು, ಕಣಕಾಲು ಮಾತ್ರ ಬಿಗಿದುಕೊಂಡಿತು. ಇವತ್ತಿಗೂ ನನಗೆ ಕುಕ್ಕರಗಾಲಲ್ಲಿ ಕೂರಲು ಆಗುವುದಿಲ್ಲ. ನೀನು ಮೊದಲ ದಿನದಿಂದಲೇ ಆಡಿಸು. ಡಾಕ್ಟರು ಕಾಲೂರು ಅಂದ ದಿನ ವಾಕರ್ ಹಿಡಿದು ಊರು, ಭಾರ ಬಿದ್ದಷ್ಟೂ ಮೂಳೆಗೆ ಒಳ್ಳೆಯದು. ತಂತಿ ಹೊಕ್ಕ ಜಾಗ ಕೆಂಪಾಗಿ ಕೀವು ಕಂಡರೆ ಅವತ್ತೇ ತೋರಿಸು.

ನಿಮ್ಮ ದೊಡ್ಡಪ್ಪ ನಾಟಿ ವೈದ್ಯರ ಪುತ್ತೂರು ಕಟ್ಟು ಕಟ್ಟಿಸೋಣ ಅಂತಿದ್ದಾರಂತೆ. ಬಾಯಿಬಿಟ್ಟ ಗಾಯಕ್ಕೆ ಅದು ಬೇಡವೇ ಬೇಡ ಕಣೋ, ಸೋಂಕು ಮೂಳೆಗೆ ಇಳಿದರೆ ಕಾಲೇ ಹೋದೀತು. ಅವರಿಗೆ ಬೇಕಾದರೆ ನಾನೇ ಫೋನ್ ಮಾಡುತ್ತೇನೆ. ಇನ್ನು ಸಿಗರೇಟು: ಬಿಡು. ಅದು ಮೂಳೆ ಕೂಡುವುದನ್ನು ತಡ ಮಾಡುತ್ತದೆ, ಆಮೇಲೆ ಅದೆಷ್ಟು ಕಾಲು ಸೂಪು ಕುಡಿದರೂ ಅಷ್ಟೇ.

ಭಾನುವಾರ ಬರುತ್ತೇನೆ. ಎರಡು ಲುಂಗಿ ತರುತ್ತೇನೆ, ರಿಂಗಿನ ಮೇಲೆ ನಿನ್ನ ಯಾವ ಪ್ಯಾಂಟೂ ಹತ್ತುವುದಿಲ್ಲ.

ನಿನ್ನ,
ಕುಂಟ