ಕಪ್ಪೆಯ ಮದ್ದಿಗೆ ಮೊದಲು ಈ ರಿಜಿಸ್ಟರ್ ನೋಡಿ

ಮಾನ್ಯರೇ,

‘ಕಪ್ಪೆಯ ಚರ್ಮದಿಂದ ಮಾಡಿದ ಹೊಸ ಆ್ಯಂಟಿಬಯಾಟಿಕ್ ಬಂದಿದೆಯಂತೆ?’ ಎಂದು ನನ್ನ ಔಷಧದ ಅಂಗಡಿಯಲ್ಲಿ ಕೇಳುವವರಿದ್ದಾರೆ. ಬಂದಿಲ್ಲ. ಅಮೆರಿಕದ ಮೈಕೆಲ್ ಜಾಸ್ಲಾಫ್ 1987ರಲ್ಲೇ ಆಫ್ರಿಕಾದ ಕಪ್ಪೆಯಲ್ಲಿ ಮಗೈನಿನ್ ಎಂಬ ಪೆಪ್ಟೈಡ್ (ಪ್ರೋಟೀನಿನ ಪುಟ್ಟ ತುಣುಕಿನಂಥದ್ದು) ಕಂಡುಹಿಡಿದರು. ಅದು ಬ್ಯಾಕ್ಟೀರಿಯಾದ ಪೊರೆಯನ್ನೇ ತೂತು ಮಾಡುತ್ತದೆ. ಅದರ ಜಾಡಿನಲ್ಲಿ ಮಧುಮೇಹಿಗಳ ಕಾಲಿನ ಹುಣ್ಣಿಗೆಂದು ತಯಾರಾದ ಪೆಕ್ಸಿಗನಾನ್ ಮುಲಾಮಿಗೆ 1999ರಲ್ಲಿ ಅಲ್ಲಿನ ಸರ್ಕಾರ ಒಪ್ಪಿಗೆ ಕೊಡಲಿಲ್ಲ.

ಪೆಪ್ಟೈಡ್ ಜಾತಿಯದೇ ಆದ ಕೊಲಿಸ್ಟಿನ್ ಎಂಬ ಆ್ಯಂಟಿಬಯಾಟಿಕ್, ಐಸಿಯುಗಳ ಕೊನೆಯ ಅಸ್ತ್ರ, ನಮ್ಮಲ್ಲಿದೆ. ಬೇಕಾಬಿಟ್ಟಿ ಬಳಸಿದರೆ ರೋಗಾಣುಗಳು ಮದ್ದಿಗೆ ಬಗ್ಗದಂತಾಗುತ್ತವೆ; ಆದರೂ ಅದನ್ನೂ ಕೋಳಿಗಳಿಗೆ ತಿನ್ನಿಸಿದೆವು. ನಿಷೇಧ ಬಂದದ್ದು 2019ರಲ್ಲಿ. ವೈದ್ಯರ ಚೀಟಿಯಿಲ್ಲದೆ ಎರಡೇ ಎರಡು ಸೆಫಿಕ್ಸಿಮ್ (ಇದೂ ಆ್ಯಂಟಿಬಯಾಟಿಕ್) ಮಾತ್ರೆ ಕೊಡಿ ಎನ್ನುವವರಿಗೆ ನಾನು ಇಲ್ಲವೆಂದರೆ ಪಕ್ಕದಂಗಡಿಯಲ್ಲಿ ಸಿಗುತ್ತದೆ. ಔಷಧ ಪರಿವೀಕ್ಷಕರು ಎಲ್ಲ ಅಂಗಡಿಗಳ, ಇಂಥ ಮದ್ದನ್ನು ಯಾವ ವೈದ್ಯರ ಚೀಟಿಗೆ ಯಾರಿಗೆ ಮಾರಿದೆವೆಂದು ಬರೆದಿಡುವ ಎಚ್1 ರಿಜಿಸ್ಟರ್‌ಗಳನ್ನು, ನನ್ನದನ್ನೂ ಸೇರಿಸಿ, ಖರೀದಿ ಬಿಲ್ಲುಗಳೊಂದಿಗೆ ತಾಳೆ ನೋಡಲಿ.

– ಔಷಧ ವ್ಯಾಪಾರಿ, ಶಿರಸಿ