ಕೇಸರಿ ಕುರ್ತಾದ ಹೀರೋ ಮತ್ತು ನಿನ್ನ ಸ್ಕ್ರಿಪ್ಟು

ತಂಗೀ,

ನಿನ್ನ ಕಾಮಿಕ್ ಸ್ಕ್ರಿಪ್ಟ್ ಓದ್ದೆ, ಎರಡು ಸಲ ಓದ್ದೆ. ಹೇಗಿದೆ ಅಂತ ಹೇಳೋಕೆ ಮುಂಚೆ ಒಂದು ಪ್ರಶ್ನೆ, ನಿನ್ನ ಹೀರೋದು ಯಾವೂರು? ಹಾರ್ತಾನೆ, ಕಣ್ಣಲ್ಲಿ ಬೆಂಕಿ ಉಗುಳ್ತಾನೆ, ಎಲ್ಲಾ ಸರಿ, ಆದ್ರೆ ಅವ್ನ ಬೀದಿಗೆ ನಲ್ಲಿ ನೀರು ಎಷ್ಟೊತ್ತಿಗೆ ಬರುತ್ತೆ ಅನ್ನೋದು 24 ಪುಟದಲ್ಲಿ ಒಂದ್ಕಡೆನೂ ಗೊತ್ತಾಗ್ಲಿಲ್ಲ ನಂಗೆ.

ಬಹಾದ್ದೂರ್ ಅಂತ ಒಬ್ಬ ಕಾಮಿಕ್ ಹೀರೋ ಇದ್ದ, ನಿಂಗೆ ಗೊತ್ತಿರಲ್ಲ ಬಿಡು, ನಿಮ್ಮ ವಯಸ್ಸಿನವ್ರಿಗೆ ಯಾರಿಗೂ ಗೊತ್ತಿಲ್ಲ, ಅದೇ ನನ್ನ ಹೊಟ್ಟೆಉರಿ. ಟೈಮ್ಸ್ ಆಫ್ ಇಂಡಿಯಾದವ್ರು 1964ರಲ್ಲಿ ಇಂದ್ರಜಾಲ ಕಾಮಿಕ್ಸ್ ಶುರು ಮಾಡಿದ್ರು, ಆಮೇಲೆ ಕನ್ನಡದಲ್ಲೂ ಬರ್ತಿತ್ತು. ಬಸ್‌ಸ್ಟ್ಯಾಂಡ್ ಅಂಗಡೀಲಿ ಕ್ಲಿಪ್ ಹಾಕಿ ನೇತು ಹಾಕಿರೋರು, ಕಾಸಿಲ್ದೆ ಇದ್ರೆ ಮುಖಪುಟ ನೋಡ್ಕೊಂಡೇ ವಾಪಸ್ ಬರ್ತಿದ್ವಿ. ಮುಖವಾಡದ ಫ್ಯಾಂಟಮ್ಮು, ಜಾದೂಗಾರ ಮಾಂಡ್ರೇಕು, ಎಲ್ಲಾ ಲೀ ಫಾಕ್ ಅಮೆರಿಕದಲ್ಲಿ ಕೂತು ಬರೆದಿದ್ದು. ಅಂಥಾದ್ರಲ್ಲಿ 1976ರಲ್ಲಿ ಆಬಿದ್ ಸುರ್ತಿ ಬರೆದು ಗೋವಿಂದ ಬ್ರಹ್ಮಾನಿಯಾ ಚಿತ್ರ ಹಾಕಿ ನಮ್ಮವ್ನೇ ಒಬ್ಬ, ಈ ಬಹಾದ್ದೂರ್, ಬಂದ, ಕೇಸರಿ ಕುರ್ತಾ, ಜೀನ್ಸ್ ಪ್ಯಾಂಟು. ಮುಖವಾಡ ಇಲ್ಲ, ಮಂತ್ರ ಇಲ್ಲ, ನಮ್ಮೂರ ಕಾಲೇಜ್ ಯೂನಿಯನ್ ಲೀಡರ್ ಥರ ಇದ್ದ.

ಕತೆ ನೋಡು. ಅಪ್ಪ ಭೈರವ ಸಿಂಗ್ ಡಕಾಯಿತ, ಪೊಲೀಸ್ ಆಫೀಸರ್ ವಿಶಾಲ್ ಕೈಲಿ ಸತ್ತ. ಹುಡುಗನ್ನ ಸಾಕಿದ್ದು ಯಾರು? ಅದೇ ವಿಶಾಲ್. ಅಪ್ಪನ್ನ ಕೊಂದವ್ನ ಮನೆ ಅನ್ನ ತಿಂದು ಬೆಳೆದವ್ನ ಒಳಗೆ ಏನ್ ನಡೀತಿರುತ್ತೆ ಯೋಚ್ನೆ ಮಾಡು, ಅದ್ರ ಮುಂದೆ ಹಾರೋದೆಲ್ಲ ಯಾವ ಲೆಕ್ಕ? ಆಮೇಲೆ ಅವ್ನೇ ಜೈಗಢ ಅನ್ನೋ ಊರಲ್ಲಿ ಜನಗಳನ್ನ ಸೇರಿಸಿ ಡಕಾಯಿತರ ವಿರುದ್ಧ ನಾಗರಿಕ ಸುರಕ್ಷಾ ದಳ ಕಟ್ತಾನೆ, ಅಂದ್ರೆ ಒಬ್ನೇ ಹೋಗಿ ಎಲ್ರನ್ನೂ ಚಚ್ಚಿ ಬರೋ ಹೀರೋ ಅಲ್ಲ, ಊರನ್ನ ಎಬ್ಬಿಸೋ ಹೀರೋ. ಜೊತೆಗೆ ಬೇಲಾ ಇದ್ಲು, ಕಾಪಾಡಿ ಅಂತ ಕಿರುಚೋಕಷ್ಟೇ ಇಟ್ಟಿದ್ದ ಹುಡುಗಿ ಅಲ್ಲ ಅವ್ಳು. ಇನ್ನೊಂದು, 1972ರಲ್ಲಿ ಚಂಬಲ್ ಡಕಾಯಿತರು ಜಯಪ್ರಕಾಶ ನಾರಾಯಣರ ಮುಂದೆ ಬಂದೂಕು ಕೆಳಗಿಟ್ಟಿದ್ದು ಎಲ್ರೂ ಪೇಪರ್‌ನಲ್ಲಿ ಓದಿದ್ರು, ಹಂಗಾಗಿ ಡಕಾಯಿತನ ಮಗ ಅಂದ್ರೆ ಅವತ್ತಿನ ಓದುಗರಿಗೆ ಬಿಡಿಸಿ ಹೇಳ್ಬೇಕಾಗೇ ಇರ್ಲಿಲ್ಲ.

ಇಷ್ಟೆಲ್ಲಾ ಇದ್ದೂ ಯಾಕೆ ಉಳೀಲಿಲ್ಲ? ಕತೆ ಸೋತಿದ್ದಲ್ಲ ಕಣೇ. ಫ್ಯಾಂಟಮ್ 1936ರಿಂದ ಅಮೆರಿಕದ ಪೇಪರ್‌ಗಳಲ್ಲಿ ದಿನಾ ಬರ್ತಿದ್ದ, ಇಲ್ಲಿ ಅಂಗಡಿ ಮುಚ್ಚಿದ್ರೂ ಅವ್ನಿಗೆ ಅಲ್ಲಿ ಮನೆ ಇತ್ತು. ಬಹಾದ್ದೂರ್‌ಗೆ ಇದ್ದಿದ್ದು ಇಂದ್ರಜಾಲ ಒಂದೇ, 1990ರಲ್ಲಿ ಅದು ನಿಂತ್ಹೋಯ್ತು, ಇವ್ನೂ ಹೋದ. ಈಗ ನಮ್ಮಂಥ ನಾಲ್ಕು ಜನ ಮುದುಕ್ರು ಹಳೇ ಪ್ರತಿ ಹುಡುಕ್ತಾ ತಿರುಗ್ತೀವಿ ಅಷ್ಟೆ.

ಮರೆಯೋದ್ರಲ್ಲಿ ನಾವು ಎಂಥವ್ರು ಅನ್ನೋಕೆ ಬಾಲಮಂಗಳ ಅನ್ನೋ ಮಕ್ಕಳ ಪತ್ರಿಕೆಯ ಡಿಂಗನ್ನೇ ತಗೋ. ಮಲಯಾಳದಲ್ಲಿ ಡಿಂಕನ್, ಕನ್ನಡಕ್ಕೆ ಬಂದು ಡಿಂಗ ಆದ ಇಲಿ. ಕೇರಳದ ವಿಚಾರವಾದಿ ಹುಡುಗ್ರು ಆ ಇಲೀನ ದೇವ್ರು ಮಾಡಿ ತಮಾಷೆಗೆ ಒಂದು ಮತಾನೇ ಕಟ್ಟಿದ್ರು. ನಾವು? ಅದೇ ಇಲೀನ ಅಷ್ಟೇ ಪ್ರೀತಿಯಿಂದ ಓದಿ ರದ್ದಿಗೆ ಹಾಕಿದ್ವಿ.

ನನ್ನದೂ ಒಂದು ಕತೆ ಇದೆ, ನಗ್ಬೇಡ. ಒಂದು ವಾರಪತ್ರಿಕೆ ಮಕ್ಕಳ ಪುಟಕ್ಕೆ ಬಸ್ ಕಂಡಕ್ಟರ್ ಪತ್ತೇದಾರ ಅಂತ ಒಬ್ಬನ್ನ ಬರೀತಿದ್ದೆ, ಟಿಕೆಟ್ ಮೇಲಿನ ತೂತು ನೋಡಿ ಕಳ್ಳನ್ನ ಹಿಡಿಯೋನು. ಹದಿನಾಲ್ಕು ವಾರ ಬಂತು, ಸಂಪಾದಕರು ಬದಲಾದ್ರು, ಹದಿನೈದನೇ ವಾರ ಅವ್ನ ಜಾಗದಲ್ಲಿ ಟೂತ್‌ಪೇಸ್ಟ್ ಜಾಹೀರಾತು. ಆರ್ಟಿಸ್ಟ್ ಬರೆದ ಒರಿಜಿನಲ್ ಹಾಳೆಗಳೂ ವಾಪಸ್ ಬರ್ಲಿಲ್ಲ, ಪಾತ್ರ ನಂದೋ ಅವ್ರದ್ದೋ ಅಂತ ಕಾಗದದಲ್ಲಿ ಒಂದು ಸಾಲು ಬರೆಸ್ಕೊಂಡಿರ್ಲಿಲ್ಲ ನಾನು, ಕೇಳೋಕೆ ನಾಚಿಕೆ ಆಗಿತ್ತು. ನೀನು ನಾಚ್ಕೋಬೇಡ. ಯಾರೇ ಪ್ರಿಂಟ್ ಮಾಡ್ತೀವಿ ಅಂದ್ರೂ ಮೊದ್ಲು ಹಕ್ಕು ಯಾರ ಹತ್ರ ಇರುತ್ತೆ ಅಂತ ಕೇಳು, ದುಡ್ಡಿನ ಮಾತು ಆಮೇಲೆ.

ಸ್ಕ್ರಿಪ್ಟ್‌ಗೆ ಬರ್ತೀನಿ. ಮೊದಲ ಐದು ಪುಟದ ಗ್ರಹ, ಸ್ಫೋಟ ಎಲ್ಲಾ ತೆಗಿ. ಒಂಬತ್ತನೇ ಪುಟದಲ್ಲಿ ಅವ್ನ ತಂಗಿ ಊಟ ಬಡಿಸ್ತಾ ‘ನೀನು ನಮ್ಮವ್ನೇ ಅಲ್ವಂತೆ’ ಅಂತಾಳಲ್ಲ, ನಿನ್ನ ಕತೆ ಅಲ್ಲಿದೆ, ಅಲ್ಲಿಂದಾನೇ ಶುರು ಮಾಡು.

ಹಾಂ, ಸುರ್ತಿಯವ್ರು ಆಮೇಲೆ ಏನ್ ಮಾಡಿದ್ರು ಗೊತ್ತಾ? 2007ರಿಂದ ಮುಂಬೈ ಹತ್ರ ಮೀರಾ ರೋಡ್‌ನಲ್ಲಿ ಭಾನುವಾರ ಒಬ್ಬ ಪ್ಲಂಬರ್‌ನ ಕರ್ಕೊಂಡು ಮನೆಮನೆಗೆ ಹೋಗಿ ಸೋರೋ ನಲ್ಲಿ ರಿಪೇರಿ ಮಾಡ್ಸೋಕೆ ಶುರು ಮಾಡಿದ್ರು, ಪುಕ್ಸಟ್ಟೆ. ಬಹಾದ್ದೂರ್ ಯಾವ ತಲೆಯಿಂದ ಹುಟ್ಟಿದ ಅಂತ ನಂಗೆ ಅವತ್ತು ಅರ್ಥ ಆಯ್ತು.

ತಿದ್ದಿ ಕಳ್ಸು. ಈ ಭಾನುವಾರ ಬೇಡ, ಊರಲ್ಲಿರಲ್ಲ.

ಇಂತಿ ನಿನ್ನಣ್ಣ